ಹಾರಲು ಬರುತ್ತದೆ, ಇಳಿಯಲು ಬರುವುದಿಲ್ಲ: ಬ್ರೆಜಿಲ್ ಬೆಟ್ಟದ ಕುಂಬಳಕಾಯಿ ಕಪ್ಪೆ

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಸಾವೊ ಪಾಲೊಗೆ ಬಂದು ಎರಡು ವರ್ಷ ಆಯಿತು. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಹೋದ ವಾರ ನೋಡಿದ ಒಂದು ಕಪ್ಪೆ ತಲೆಯಿಂದ ಇಳಿಯುತ್ತಿಲ್ಲ, ಅದಕ್ಕೆ.

ಇಲ್ಲಿಂದ ಸುಮಾರು ಮೂರು ಗಂಟೆ ದಾರಿ, ಸೆರಾ ದೊ ಮಾರ್ ಬೆಟ್ಟಸಾಲು. ಸಮುದ್ರ ಪಶ್ಚಿಮಕ್ಕೆ ಬದಲು ಪೂರ್ವಕ್ಕಿದೆ ಅನ್ನುವುದು ಬಿಟ್ಟರೆ ನಮ್ಮ ಆಗುಂಬೆ ಘಾಟಿಯದೇ ಜಾಡು. ಕೆಳಗೆ ಕಡಲು, ಎದುರಿಗೆ ಗೋಡೆಯ ಹಾಗೆ ಎದ್ದ ಬೆಟ್ಟ, ಅದಕ್ಕೆ ಬಡಿದು ಮೇಲೇರುವ ಮಂಜು. ಇಂಬಳ ಮಾತ್ರ ಒಂದೂ ಹತ್ತಲಿಲ್ಲ. ಬದಲಿಗೆ ಉಣ್ಣಿ ಹತ್ತಿತು, ಆ ಕಥೆ ಬೇಡ ಬಿಡಿ.

ರಾತ್ರಿಯೆಲ್ಲ ಮಳೆ ಹೊಯ್ದಿತ್ತು. ಬೆಳಗ್ಗೆ ಹತ್ತರ ಹೊತ್ತಿಗೆ ಜೊತೆಗಿದ್ದ ದಾರಿ ತೋರಿಸುವ ಹಿರಿಯರು ತಟ್ಟನೆ ಕುಕ್ಕರುಗಾಲಲ್ಲಿ ಕೂತು ತರಗೆಲೆ ತೋರಿಸಿದರು. ನಾನು ಯಾವುದೋ ಹೂವಿನ ಎಸಳು ಬಿದ್ದಿದೆ ಅಂದುಕೊಂಡೆ. ಎಸಳು ಎದ್ದು ನಡೆಯಿತು! ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲ. ಕಿತ್ತಳೆ ಕೆಂಪು ಮೈ, ಕಪ್ಪು ಮಣಿಯಂಥ ಕಣ್ಣು. ಕುಪ್ಪಳಿಸಲಿಲ್ಲ. ಕೀಲಿ ಮುಗಿಯುತ್ತಾ ಬಂದ ಆಟಿಕೆಯ ಹಾಗೆ ಒಂದೊಂದೇ ಕಾಲು ಎತ್ತಿ ಇಟ್ಟು ಎಲೆ ದಾಟಿತು.

ಆಮೇಲೆ ಮೇಲಿನಿಂದ ಒಂದು ಕಡ್ಡಿ ಬಿತ್ತು. ಕಪ್ಪೆ ಹೆದರಿ ಹಾರಿತು. ಗಾಳಿಯಲ್ಲಿ ಪಕ್ಕಕ್ಕೆ ಉರುಳಿ, ನಾಲ್ಕೂ ಕಾಲು ಆಕಾಶಕ್ಕೆ ಮಾಡಿ ಬೆನ್ನ ಮೇಲೆ ಬಿತ್ತು. ಒಂದು ಕ್ಷಣ ಹಾಗೇ ಇದ್ದು, ಹೊರಳಿ, ಏನೂ ಆಗದ ಹಾಗೆ ಮತ್ತೆ ನಡೆಯಿತು. ನಾನು ನಕ್ಕೆ. ಅವರು ನಗಲಿಲ್ಲ. "ಪಿಟಾಂಗಾ ಯಾವಾಗಲೂ ಹೀಗೇ" ಅಂದರು.

ಪಿಟಾಂಗಾ ಅಂದರೆ ಟುಪಿ ಭಾಷೆಯಲ್ಲಿ ಕೆಂಪು. ಅದೇ ಹೆಸರಿನ ಒಂದು ಹಣ್ಣೂ ಇಲ್ಲಿದೆ, ಗೋಲಿ ಗಾತ್ರದ ಕುಂಬಳಕಾಯಿಯ ಹಾಗೆ ಏಣು ಏಣು. ನನ್ನ ಪ್ರಶ್ನೆ ಇಷ್ಟೇ. ಒಂದು ಕಪ್ಪೆಗೆ ಹಾರಲು ಬರದೇ ಇರುತ್ತದೆಯೇ? ಅಥವಾ ನಾನು ನೋಡಿದ್ದಕ್ಕೆ ಹುಷಾರಿರಲಿಲ್ಲವೇ?

ಬಯಲುಸೀಮೆಯವ
ಕಪ್ಪೆ ತಕ್ಕಡಿಗೆ ಹಾಕಿದ ಹಾಗೆ ಅಂತ ಗಾದೆ ಮಾಡಿದವರು ಈ ಕಪ್ಪೆ ನೋಡಿರಲಿಲ್ಲ. ಇದನ್ನು ಆರಾಮಾಗಿ ತೂಗಬಹುದು 😄

ಜೀವಶಾಸ್ತ್ರದ ಮೇಷ್ಟ್ರು
ಹುಷಾರಾಗಿಯೇ ಇತ್ತು. ನೀವು ನೋಡಿದ್ದು ಬ್ರಾಕಿಸೆಫಾಲಸ್ ಪಿಟಾಂಗಾ. 2009ರಲ್ಲಿ ವಿವರಿಸಿ ಹೆಸರಿಟ್ಟಿದ್ದು, ಅದೂ ಸೆರಾ ದೊ ಮಾರ್‌ನ ಸಾವೊ ಲೂಯಿಜ್ ದೊ ಪರೈಟಿಂಗಾ ಊರಿನ ಕಡೆ ಸಿಕ್ಕ ಕಪ್ಪೆಗಳನ್ನು ನೋಡಿಯೇ. ಬ್ರಾಕಿಸೆಫಾಲಸ್ ಅಂದರೆ ಗಿಡ್ಡ ತಲೆ. ಇಂಗ್ಲಿಷಿನವರು ಇಡೀ ಗುಂಪಿಗೆ ಕುಂಬಳಕಾಯಿ ಕಪ್ಪೆ ಅನ್ನುತ್ತಾರೆ.

ಹಾರುವ ವಿಷಯಕ್ಕೆ ಬರೋಣ. 2022ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ರಿಚರ್ಡ್ ಎಸ್ನರ್ ಮತ್ತು ಜೊತೆಗಾರರು ಇದರ ಬಗ್ಗೆಯೇ ಬರೆದರು. ವೇಗದ ಕ್ಯಾಮೆರಾದಲ್ಲಿ ಈ ಕಪ್ಪೆಗಳ ನೆಗೆತ ಸೆರೆ ಹಿಡಿದಾಗ ನೆಲ ಬಿಡುವವರೆಗೆ ಎಲ್ಲಾ ಸರಿ. ಗಾಳಿಗೆ ಹೋದ ಮೇಲೆ ಮೈ ಹಿಡಿತ ತಪ್ಪುತ್ತದೆ. ತಲೆ ಮೊದಲೋ, ಬೆನ್ನು ಮೊದಲೋ, ಅದೃಷ್ಟ ಇದ್ದ ಹಾಗೆ ಬೀಳುತ್ತವೆ.

ಕಾರಣ ಕಿವಿಯಲ್ಲಿದೆ. ನಮ್ಮ ಹಾಗೆ ಕಪ್ಪೆಯ ಒಳಗಿವಿಯಲ್ಲೂ ಮೂರು ಅರ್ಧವೃತ್ತದ ಕೊಳವೆ ಇವೆ, ಒಳಗೆ ದ್ರವ. ತಲೆ ಎತ್ತ ತಿರುಗಿತು ಅಂತ ತಿಳಿಯುವುದು ಅವುಗಳಿಂದ. ತರಗತಿಯಲ್ಲಿ ನಾನು ಹೀಗೆ ತೋರಿಸುತ್ತೇನೆ: ಲೋಟ ತುಂಬ ನೀರು ತೆಗೆದುಕೊಂಡು ಮೇಲೆ ಒಂದು ತುಳಸಿ ಎಲೆ ತೇಲಿಬಿಡಿ. ಈಗ ಲೋಟವನ್ನು ಗಕ್ಕನೆ ತಿರುಗಿಸಿ. ಲೋಟ ತಿರುಗುತ್ತದೆ, ಎಲೆ ಇದ್ದಲ್ಲೇ ಇರುತ್ತದೆ. ಈ "ಹಿಂದೆ ಉಳಿಯುವುದು" ಇದೆಯಲ್ಲ, ಕಿವಿಯ ಒಳಗಿನ ಸೂಕ್ಷ್ಮ ಕೂದಲುಗಳು ಅದನ್ನೇ ಗುರುತಿಸಿ ಮೆದುಳಿಗೆ ಹೇಳುತ್ತವೆ. ಲೋಟದ ಬದಲು ಸೂಜಿಗಿಂತ ಸಣ್ಣ ಕೊಳವೆ ಅಂದುಕೊಳ್ಳಿ. ಅಲ್ಲಿ ದ್ರವ ಗೋಡೆಗೆ ಅಂಟಿಕೊಂಡು ಕೊಳವೆಯ ಜೊತೆಗೇ ತಿರುಗಿಬಿಡುತ್ತದೆ. ಹಿಂದೆ ಉಳಿಯುವುದೇ ಇಲ್ಲ. ತಿರುಗಿದ್ದು ಗೊತ್ತಾಗುವುದೂ ಇಲ್ಲ. ಬೆಳೆದ ಬೆನ್ನೆಲುಬಿನ ಪ್ರಾಣಿಗಳಲ್ಲಿ ಅಳೆದು ನೋಡಿದ ಪೈಕಿ ಅತಿ ಸಣ್ಣ ಕೊಳವೆ ಈ ಕಪ್ಪೆಗಳದ್ದೇ.

ತುಂಗಾತೀರ
ಮೇಷ್ಟ್ರೇ, ತುಳಸಿ ಎಲೆ ಸಿಗಲಿಲ್ಲ, ಕೊತ್ತಂಬರಿ ಎಲೆ ಹಾಕಿ ನೋಡಿದೆ. ನಿಜ! ನಕ್ಕಿದ್ದಕ್ಕೆ ಈಗ ಬೇಜಾರಾಗುತ್ತಿದೆ.

ಸುಮ್ನೆ ಓದುಗ
ಒಂದು ದಡ್ಡ ಪ್ರಶ್ನೆ. ಹಾರಿ ಬೆನ್ನ ಮೇಲೆ ಬೀಳುವ ಪ್ರಾಣಿಯನ್ನು ಹಕ್ಕಿಯೋ ಹಾವೋ ಎಂದೋ ತಿಂದು ಮುಗಿಸಬೇಕಿತ್ತಲ್ಲ? ಇನ್ನೂ ಹೇಗೆ ಉಳಿದಿದೆ?

ಶಿರಸಿ ಮಳೆ
ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಬಣ್ಣ ನೋಡಿ. ತರಗೆಲೆಯ ನಡುವೆ, ಹಾಡಹಗಲಲ್ಲಿ, ಅಷ್ಟು ಕೆಂಪಗೆ, ಅಷ್ಟು ನಿಧಾನವಾಗಿ ಓಡಾಡುವುದು ಯಾರು? ತನ್ನನ್ನು ಯಾರೂ ತಿನ್ನುವುದಿಲ್ಲ ಅಂತ ಗೊತ್ತಿರುವವರು. ಈ ಗುಂಪಿನ ಕೆಲವು ಕಪ್ಪೆಗಳ ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಸಿಕ್ಕಿದೆ. ಜಪಾನಿನಲ್ಲಿ ಪರವಾನಗಿ ಇದ್ದವರು ಮಾತ್ರ ಅಡುಗೆ ಮಾಡುವ ಫುಗು ಮೀನಿನಲ್ಲಿ ಇರುವುದೂ ಇದೇ ವಿಷ.

ತುಂಗಾತೀರ ಅಕ್ಕ, ಮುಟ್ಟಿಲ್ಲ ತಾನೇ?

ತುಂಗಾತೀರ
ಅಂಗೈ ಮೇಲೆ ಇಟ್ಟು ಫೋಟೊ ತೆಗೆಯೋಣ ಅಂತ ಕೈ ಚಾಚಿದೆ. ಹಿರಿಯರು ನನ್ನ ಮಣಿಕಟ್ಟು ಹಿಡಿದುಬಿಟ್ಟರು. ವಿಷ ಅಂತ ಅಲ್ಲ. "ಕೈಗೆ ಸೊಳ್ಳೆ ಎಣ್ಣೆ ಹಚ್ಚಿದ್ದೀಯಲ್ಲ, ಅದು ಚರ್ಮದಲ್ಲೇ ಉಸಿರಾಡುತ್ತದೆ" ಅಂದರು. ನನ್ನ ಹೆದರಿಕೆ ನನ್ನ ಬಗ್ಗೆ, ಅವರ ಹೆದರಿಕೆ ಕಪ್ಪೆಯ ಬಗ್ಗೆ.

ಜೀವಶಾಸ್ತ್ರದ ಮೇಷ್ಟ್ರು
ಅವರು ಹೇಳಿದ್ದು ಸರಿ. ಆರೋಗ್ಯವಾದ ಚರ್ಮಕ್ಕೆ ತಾಗಿದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ. ಗಾಯ ಇದ್ದರೆ, ಕೈ ಬಾಯಿಗೆ ಹೋದರೆ ಬೇರೆ ಮಾತು. ಆದರೆ ಕಪ್ಪೆಗೆ ನಮ್ಮ ಕೈಯ ಉಪ್ಪು, ಕ್ರೀಮು, ಸೊಳ್ಳೆ ಔಷಧಿ ಎಲ್ಲವೂ ತೊಂದರೆಯೇ. ಎರಡೂ ಕಡೆಯಿಂದ ನೋಡಿದರೂ ಮುಟ್ಟದಿರುವುದೇ ಲೇಸು.

ಓದುಗರ ಪ್ರಶ್ನೆಗೆ ಇನ್ನೊಂದು ಮಾತು. ಈ ಕಪ್ಪೆ ತಿನ್ನುವುದು ತರಗೆಲೆಯ ನಡುವಿನ ನುಸಿ, ಜಿಗಿಬಾಲದಂಥ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಅದಕ್ಕೆ ನೆಗೆಯಬೇಕಾಗಿಲ್ಲ, ಎರಡು ಹೆಜ್ಜೆ ನಡೆದರೆ ಊಟ ಸಿಗುತ್ತದೆ. ಮೈ ಸಣ್ಣದಾದ ಹಾಗೆ ಬೇರೆ ಕಪ್ಪೆಗೆ ಎಟುಕದ ಒಂದು ಅಡುಗೆಮನೆ ಇದಕ್ಕೆ ಸಿಕ್ಕಿತು. ಅದಕ್ಕೆ ತೆತ್ತ ಬೆಲೆ ಏನೇನು ನೋಡಿ. ಸಾಮಾನ್ಯ ಕಪ್ಪೆಗೆ ಮುಂದೆ ನಾಲ್ಕು, ಹಿಂದೆ ಐದು ಬೆರಳು. ಇದಕ್ಕೆ ಮುಂದೆ ಎರಡೋ ಮೂರೋ ಸರಿಯಾಗಿ ಕಾಣುತ್ತವೆ, ಉಳಿದವು ಮೊಂಡು. ನೆಗೆತದ ಹಿಡಿತ ಹೋಯಿತು. ಮತ್ತೆ ಕಿವಿ.

ಸುಮ್ನೆ ಓದುಗ
ಕಿವಿಯ ಬಗ್ಗೆ ಹೇಳಿದಿರಲ್ಲ, ಇನ್ನೇನು ಕಿವಿ?

ಜೀವಶಾಸ್ತ್ರದ ಮೇಷ್ಟ್ರು
ಅದು ಸಮತೋಲನದ ಭಾಗ. ಕೇಳುವ ಭಾಗದ ಕಥೆ ಇನ್ನೂ ವಿಚಿತ್ರ. ಗಂಡು ಕಪ್ಪೆ ಮಳೆಗಾಲದಲ್ಲಿ ಕೂತು ಕೂಗುತ್ತದೆ, ಹುಳದ ಹಾಗೆ ಸಣ್ಣ ಚಿರ್ ಚಿರ್. 2017ರಲ್ಲಿ ಸಾಂಡ್ರಾ ಗುಟ್ ಮತ್ತು ಸಂಗಡಿಗರು ಪಿಟಾಂಗಾ ಮತ್ತು ಎಫಿಪಿಯಂ ಅನ್ನುವ ಎರಡು ಜಾತಿಗಳ ಮುಂದೆ ಅವುಗಳದೇ ಕೂಗನ್ನು ಹಾಕಿ ನೋಡಿದರು. ಜಪ್ಪಯ್ಯ ಅನ್ನಲಿಲ್ಲ. ಯಾಕೆ ಅಂತ ಕಿವಿ ಬಿಚ್ಚಿ ನೋಡಿದರೆ ನಡುಗಿವಿ ಇಲ್ಲ, ಒಳಗಿವಿಯಲ್ಲಿ ಎತ್ತರದ ದನಿ ಹಿಡಿಯಬೇಕಾದ ಭಾಗ ಬೆಳೆದೇ ಇಲ್ಲ. ಅಂದರೆ ಈ ಕಪ್ಪೆಗೆ ತಾನು ಕೂಗುವುದು ತನಗೇ ಕೇಳುವುದಿಲ್ಲ.

ಬಯಲುಸೀಮೆಯವ
ನಮ್ಮ ಮನೆಯ ವಾಟ್ಸಾಪ್ ಗುಂಪಿನ ಹಾಗೆ. ಎಲ್ಲರೂ ಕೂಗುತ್ತಾರೆ, ಯಾರೂ ಕೇಳುವುದಿಲ್ಲ.

ಕ್ಯಾಮೆರಾ ಕಣ್ಣು
ಹಾಗಾದರೆ ಕೂಗುವುದು ಯಾಕೆ ಸರ್? ಕೂಗಲು ಶಕ್ತಿ ಬೇಕು, ಶತ್ರುವಿಗೆ ಜಾಗ ಗೊತ್ತಾಗುತ್ತದೆ. ಲಾಭ ಇಲ್ಲದ ಕೆಲಸ ಅಲ್ವಾ?

ಜೀವಶಾಸ್ತ್ರದ ಮೇಷ್ಟ್ರು
ಅಜ್ಜನ ಕಾಲದಿಂದ ಬಂದ ಪದ್ಧತಿ, ಬಿಡಲು ಕಾರಣ ಸಿಕ್ಕಿಲ್ಲ ಅಂತ ಒಂದು ವಾದ. ಮೈಯಲ್ಲಿ ವಿಷ ಇರುವವರಿಗೆ ಜಾಗ ಗೊತ್ತಾದರೆ ನಷ್ಟವೂ ಕಡಿಮೆ.

ಶಿರಸಿ ಮಳೆ
ಮೇಷ್ಟ್ರೇ, ಇಲ್ಲಿ ನಾನು ಸ್ವಲ್ಪ ಜಗಳ ಆಡುತ್ತೇನೆ. "ಹೋಯಿತು, ಹೋಯಿತು" ಅಂತ ಬರೀ ಕಳೆದುಕೊಂಡ ಲೆಕ್ಕ ಬರೆಯುತ್ತಿದ್ದೀರಿ. ಕೂಗುವಾಗ ಗಂಟಲ ಚೀಲ ಉಬ್ಬಿ ಇಳಿಯುತ್ತದಲ್ಲ, ಕಿತ್ತಳೆ ಬಣ್ಣದಲ್ಲಿ ಅದು ಎದ್ದು ಕಾಣುತ್ತದೆ. ಎದುರಿನವರಿಗೆ ದನಿ ಕೇಳದಿದ್ದರೂ ಉಬ್ಬುವುದು ಕಾಣಬಹುದು. ಎಫಿಪಿಯಂ ಗಂಡು ಇನ್ನೊಂದು ಗಂಡು ಹತ್ತಿರ ಬಂದರೆ ಮುಂಗಾಲು ಎತ್ತಿ ಕಣ್ಣ ಮುಂದೆ ಆಡಿಸುತ್ತದೆ ಅಂತ 1990ರ ದಶಕದಲ್ಲೇ ಬರೆದಿದ್ದಾರೆ. ಹಗಲಲ್ಲಿ ಓಡಾಡುವ, ಬಣ್ಣ ಇರುವ ಪ್ರಾಣಿ. ಕಿವಿಯ ಕೆಲಸ ಕಣ್ಣಿಗೆ ಕೊಟ್ಟಿದೆ ಅನ್ನಬಹುದಲ್ಲ?

ಜೀವಶಾಸ್ತ್ರದ ಮೇಷ್ಟ್ರು
ಅನ್ನಬಹುದು, ಒಪ್ಪಿದೆ. ಆದರೆ ನಿಮ್ಮ ವಾದಕ್ಕೂ ಮಿತಿ ಇದೆ. ಹಾರಿ ಬೆನ್ನ ಮೇಲೆ ಬೀಳುವುದನ್ನು ಯಾರಿಗೆ ಕೊಟ್ಟಿದೆ? ಅದು ಶುದ್ಧ ನಷ್ಟ. ಇಷ್ಟು ಸಣ್ಣ ತಲೆಬುರುಡೆಯಲ್ಲಿ ಅದಕ್ಕಿಂತ ದಪ್ಪ ಕೊಳವೆ ಇಡಲು ಜಾಗವೇ ಇಲ್ಲ. ಜೀವ ಹೋಗುವಷ್ಟು ನಷ್ಟ ಅಲ್ಲ ಅಷ್ಟೇ.

ಶಿರಸಿ ಮಳೆ
ಸರಿ, ಅಲ್ಲಿಗೆ ನಿಲ್ಲಿಸೋಣ. ನೀವು ಎಫಿಪಿಯಂ ಅಂದಿದ್ದಕ್ಕೆ ಒಂದು ಚೂರು ಸೇರಿಸುತ್ತೇನೆ. ಈ ಗುಂಪಿನಲ್ಲಿ ಮೊದಲು ಹೆಸರು ಪಡೆದಿದ್ದು ಅದು, 1824ರಲ್ಲಿ. ಇಟ್ಟವರು ಸ್ಪಿಕ್ಸ್ ಅನ್ನುವ ಜರ್ಮನ್ ವಿದ್ವಾಂಸ, 1817ರಿಂದ 1820ರವರೆಗೆ ಬ್ರೆಜಿಲ್ ಸುತ್ತಿದವರು. ಎಫಿಪಿಯಂ ಅಂದರೆ ಕುದುರೆಯ ಜೀನು. ಬೆನ್ನ ಮೇಲೆ ಚರ್ಮದ ಕೆಳಗೆ ಮೂಳೆಯ ಹಲಗೆ ಇದೆ, ಮೇಲಿನಿಂದ ನೋಡಿದರೆ ಜೀನು ಹಾಕಿದ ಹಾಗೆ. ಬೆನ್ನ ಮೇಲೆ ಬೀಳುವವರಿಗೆ ಅದು ಪ್ರಯೋಜನಕ್ಕೆ ಬರುತ್ತಿರಬಹುದು ಅನ್ನುವವರೂ ಇದ್ದಾರೆ. ಅಲ್ಲಿನ ಜನ ಅದನ್ನು ಕರೆಯುವುದು "ಪಿಂಗೊ ದೆ ಔರೊ", ಚಿನ್ನದ ಹನಿ ಅಂತ. ನನಗೆ ಕುಂಬಳಕಾಯಿಗಿಂತ ಅದೇ ಇಷ್ಟ.

ಅಡುಗೆಮನೆ ಅಕ್ಕ
ಕುಂಬಳಕಾಯಿ ಅಂದ ತಕ್ಷಣ ನಾನು ಬೂದುಗುಂಬಳ ನೆನೆಸಿಕೊಂಡು ಬೆಳ್ಳಗಿನ ಕಪ್ಪೆ ಅಂದುಕೊಂಡಿದ್ದೆ. ಸಿಹಿಗುಂಬಳ ಅಂತ ಬರೆಯಬೇಕು ನೋಡಿ. ಇರಲಿ, ಇದರ ಮರಿ ಹೇಗಿರುತ್ತದೆ? ಕಪ್ಪೆಯೇ ಉಗುರಿನಷ್ಟು ಅಂದರೆ ಗೊದಮೊಟ್ಟೆ ಕಣ್ಣಿಗೆ ಕಾಣುತ್ತದಾ?

ಶಿರಸಿ ಮಳೆ
ಅಕ್ಕ, ಗೊದಮೊಟ್ಟೆಯೇ ಇಲ್ಲ! ನೀರಿನ ಸಹವಾಸವೇ ಇಲ್ಲ. ತೇವದ ತರಗೆಲೆಯ ಕೆಳಗೆ ಮೊಟ್ಟೆ ಇಡುತ್ತದೆ, ಮೊಟ್ಟೆ ಒಡೆದು ನೇರವಾಗಿ ಪುಟ್ಟ ಕಪ್ಪೆ ಹೊರಗೆ. ಎಫಿಪಿಯಂನಲ್ಲಿ ಒಂದು ಸಲಕ್ಕೆ ಐದರ ಸುಮಾರು ಮೊಟ್ಟೆ, ಒಂದೊಂದೂ ಐದು ಮಿ.ಮೀ. ಅಡ್ಡಳತೆ. ಅಮ್ಮನೇ ಎರಡು ಸೆಂ.ಮೀ. ಒಳಗೆ ಇರುವಾಗ ಅಷ್ಟು ದೊಡ್ಡ ಮೊಟ್ಟೆ! ಮರಿಗೆ ಬೇಕಾದ ಬುತ್ತಿಯೆಲ್ಲ ಅದರೊಳಗೇ ಕಟ್ಟಿ ಕೊಡಬೇಕಲ್ಲ, ಅದಕ್ಕೆ.

ಮೊಟ್ಟೆ ಇಟ್ಟ ಮೇಲೆ ಹೆಣ್ಣು ಅದನ್ನು ಹಿಂಗಾಲಿನಿಂದ ಮಣ್ಣಿನಲ್ಲಿ ಉರುಳಿಸುತ್ತದೆ. ಎಳ್ಳಿನಲ್ಲಿ ಉಂಡೆ ಹೊರಳಿಸುವ ಹಾಗೆ. ಮೇಲೆಲ್ಲ ಮಣ್ಣಿನ ಕಣ ಹತ್ತಿ ನೆಲದ ಬಣ್ಣಕ್ಕೆ ಬೆರೆತುಹೋಗುತ್ತದೆ.

ಇದನ್ನು ಓದಿದಾಗ ನನಗೆ ನಮ್ಮ ಕಡೆಯ ಕುಂಬಾರ ಕಪ್ಪೆ ನೆನಪಾಯಿತು. ಕೆ. ವಿ. ಗುರುರಾಜ ಮತ್ತು ಜೊತೆಗಾರರು 2014ರಲ್ಲಿ ಹೆಸರಿಟ್ಟ ನಿಕ್ಟಿಬಟ್ರಾಕಸ್ ಕುಂಬಾರ. ಸಿದ್ದಾಪುರ ಕಡೆ ಕತ್ತಲೆಕಾನಿನ ತೊರೆಯಲ್ಲಿ ಇದೆ. ನೀರಿನ ಮೇಲೆ ಚಾಚಿದ ಕಡ್ಡಿಗೆ ಮೊಟ್ಟೆ ಅಂಟಿಸುತ್ತವೆ. ಆಮೇಲೆ ಗಂಡು ತೊರೆಯಿಂದ ಮುಂಗೈಯಲ್ಲಿ ಕೆಸರು ಬಾಚಿ, ಹಿಂಗಾಲ ಮೇಲೆ ಎದ್ದು ನಿಂತು, ಮಡಕೆಗೆ ಮೆತ್ತುವ ಹಾಗೆ ಮೊಟ್ಟೆಗೆ ಮೆತ್ತುತ್ತದೆ. ಎರಡಕ್ಕೂ ಸಂಬಂಧ ಇಲ್ಲ, ಬೇರೆ ಬೇರೆ ಕುಟುಂಬ, ನಡುವೆ ಸಾಗರ. ಅಲ್ಲಿ ಅಮ್ಮ ಉರುಳಿಸುತ್ತಾಳೆ, ಇಲ್ಲಿ ಅಪ್ಪ ಮೆತ್ತುತ್ತಾನೆ. ಒಂದು ರಾತ್ರಿ ಮಳೆಯಲ್ಲಿ ಟಾರ್ಚ್ ಹಿಡಿದು ಮೂರು ಗಂಟೆ ಕಾದಿದ್ದೇನೆ ನಾನು. ದನಿ ಕೇಳಿಸಿತು, ಕೆಸರು ಮೆತ್ತುವುದು ಕಾಣಲಿಲ್ಲ. ಇಂಬಳ ಮಾತ್ರ ಮೋಸ ಮಾಡಲಿಲ್ಲ, ಹನ್ನೊಂದು.

ಅಡುಗೆಮನೆ ಅಕ್ಕ
ಎಳ್ಳಿನ ಉಂಡೆ ಅಂದಿದ್ದು ಕಣ್ಣಿಗೆ ಕಟ್ಟಿತು. ನಾಳೆ ಉಂಡೆ ಕಟ್ಟುವಾಗ ನಿಮ್ಮ ಕಪ್ಪೆ ನೆನಪಾಗದಿದ್ದರೆ ಸಾಕು 😅

ಕ್ಯಾಮೆರಾ ಕಣ್ಣು
ನಾನು ಓದಿದ ಹಾಗೆ ಪ್ರಪಂಚದ ಅತಿ ಸಣ್ಣ ಕಪ್ಪೆ ಪಪುವಾ ನ್ಯೂಗಿನಿಯದ್ದು, 7.7 ಮಿ.ಮೀ. ಹಾಗಾದರೆ ಇದು ಎರಡನೇ ಸ್ಥಾನವಾ?

ಜೀವಶಾಸ್ತ್ರದ ಮೇಷ್ಟ್ರು
ಹೌದು, ಪಪುವಾದ್ದೇ ಮೊದಲು, 2012ರಲ್ಲಿ ಹೆಸರಿಟ್ಟರು.

ಶಿರಸಿ ಮಳೆ
ಮೇಷ್ಟ್ರೇ, ಪಟ್ಟ ಬದಲಾಗಿದೆ! 2024ರಲ್ಲಿ ಬ್ರೆಜಿಲ್‌ನ ಬಹಿಯಾ ರಾಜ್ಯದ ದಕ್ಷಿಣ ಭಾಗದ ಬೆಟ್ಟದ ಬ್ರಾಕಿಸೆಫಾಲಸ್ ಪ್ಯೂಲೆಕ್ಸ್ ಅನ್ನು ಅಳೆದು ನೋಡಿದರು. ಒಂದು ಗಂಡು 6.45 ಮಿ.ಮೀ. ಪ್ಯೂಲೆಕ್ಸ್ ಅಂದರೆ ಚಿಗಟ. ಕಪ್ಪೆಗೆ 2011ರಲ್ಲೇ ಹೆಸರು ಬಂದಿತ್ತು, ಆದರೆ ಸಿಕ್ಕಿದ್ದು ಬೆಳೆದ ಕಪ್ಪೆಯಾ ಮರಿಯಾ ಅಂತ ನೋಡಬೇಕಲ್ಲ? ಬೆಳೆದದ್ದೇ ಅಂತ ಖಚಿತ ಮಾಡಿಕೊಂಡೇ ದಾಖಲೆ ಬರೆದರು. ಇದು ಕಪ್ಪೆಗಳಲ್ಲಿ ಮಾತ್ರ ಅಲ್ಲ, ಬೆನ್ನೆಲುಬಿರುವ ಪ್ರಾಣಿಗಳಲ್ಲೇ ಗೊತ್ತಿರುವ ಅತಿ ಸಣ್ಣದು. ಡಬ್ಬಿಯಿಂದ ಒಂದು ಕಡಲೆಕಾಳು ತೆಗೆದು ನೋಡಿ. ಅಷ್ಟೇ. ಅದರೊಳಗೆ ಹೃದಯ, ಮೆದುಳು, ಬೆನ್ನುಮೂಳೆ, ಎಲ್ಲಾ ಇದೆ.

ಜೀವಶಾಸ್ತ್ರದ ಮೇಷ್ಟ್ರು
ತಪ್ಪಾಯಿತು, ತಿದ್ದಿಕೊಂಡೆ. ನಾಳೆ ಎಂಟನೇ ತರಗತಿಗೆ ಒಂದು ಹಿಡಿ ಕಡಲೆಕಾಳು ಒಯ್ಯುತ್ತೇನೆ.

ಕ್ಯಾಮೆರಾ ಕಣ್ಣು
ಇನ್ನೊಂದು. ಈ ಕಪ್ಪೆಗಳು ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತವೆ ಅಂತಾರಲ್ಲ. ತುಂಗಾತೀರ ಮೇಡಂ ಮತ್ತೆ ಹೋಗುವಾಗ ಆ ಟಾರ್ಚ್ ಒಂದು ಒಯ್ದರೆ ಸೂಪರ್ ಫೋಟೊ ಸಿಗುತ್ತದೆ.

ಶಿರಸಿ ಮಳೆ
ಹೊಳೆಯುವುದು ನಿಜ. 2019ರಲ್ಲಿ ಅದೇ ಗುಟ್ ಅವರ ತಂಡ ಕಂಡಿದ್ದು. ತಲೆ, ಬೆನ್ನಿನ ಮೂಳೆ ನೀಲಿಯಾಗಿ ಮಿನುಗುತ್ತದೆ, ಮೇಲಿನ ಚರ್ಮ ಅಷ್ಟು ತೆಳ್ಳಗೆ ಇರುವುದರಿಂದ ಹೊರಗೆ ಕಾಣುತ್ತದೆ. ಆದರೆ ಫೋಟೊಗೋಸ್ಕರ ಆ ಬೆಳಕನ್ನು ಕಪ್ಪೆಯ ಮುಖಕ್ಕೆ ಹಿಡಿಯುವುದು ಬೇಡ. ನಮ್ಮ ಘಟ್ಟದಲ್ಲೂ ಮಳೆಗಾಲದಲ್ಲಿ ನೋಡುತ್ತೇವಲ್ಲ, ಒಂದು ಕಪ್ಪೆಗೆ ಎಂಟು ಜನ, ಎಂಟು ಫ್ಲ್ಯಾಶು. ಕೂಗುತ್ತಿದ್ದದ್ದು ಬಾಯಿ ಮುಚ್ಚುತ್ತದೆ, ಆ ರಾತ್ರಿಯ ಕೆಲಸ ಕೆಟ್ಟಿತು.

ಕ್ಯಾಮೆರಾ ಕಣ್ಣು
ಆ ಎಂಟರಲ್ಲಿ ಒಬ್ಬ ನಾನೇ ಆಗಿದ್ದೆ. ಬೈಸಿಕೊಂಡೆ, ಸರಿ.

ಸುಮ್ನೆ ಓದುಗ
ಒಟ್ಟು ಎಷ್ಟು ಜಾತಿ ಇವೆ ಇಂಥವು?

ಜೀವಶಾಸ್ತ್ರದ ಮೇಷ್ಟ್ರು
ನಲವತ್ತಕ್ಕಿಂತ ಜಾಸ್ತಿ. 2000ನೇ ಇಸವಿಗೆ ಮೊದಲು ಕೈಬೆರಳಲ್ಲಿ ಎಣಿಸುವಷ್ಟಿದ್ದವು, ಉಳಿದದ್ದೆಲ್ಲ ಆಮೇಲೆ ಸಿಕ್ಕಿದ್ದು. 2015ರಲ್ಲಿ ಒಂದೇ ಪ್ರಬಂಧದಲ್ಲಿ ಏಳು ಹೊಸ ಜಾತಿ ವಿವರಿಸಿದರು, ಎಲ್ಲಾ ದಕ್ಷಿಣ ಬ್ರೆಜಿಲ್‌ನ ಬೆಟ್ಟದ ತುದಿಗಳಲ್ಲಿ. ಇಷ್ಟು ಜಾತಿ ಯಾಕೆ ಅಂದರೆ ಕಡಲೆಕಾಳಿನಂಥ ಮೈ ಬೇಗ ಒಣಗುತ್ತದೆ. ಮಂಜು ಕಟ್ಟುವ ಎತ್ತರದ ಕಾಡು ಬಿಟ್ಟು ಬಿಸಿಯಾದ ಕಣಿವೆಗೆ ಇಳಿದು ಇನ್ನೊಂದು ಬೆಟ್ಟಕ್ಕೆ ಹೋಗಲು ಆಗುವುದಿಲ್ಲ. ಹಾಗಾಗಿ ಒಂದೊಂದು ಬೆಟ್ಟದ ತಲೆಯಲ್ಲಿ ಒಂದೊಂದು ಸಂಸಾರ, ಲಕ್ಷಾಂತರ ವರ್ಷ ಬೇರೆಬೇರೆಯಾಗಿ. ಕುರಿಟಿಬಾ ಪಕ್ಕದ ಅನ್ಯಂಗಾವಾ ಬೆಟ್ಟದಲ್ಲಿ ಪರ್ನಿಕ್ಸ್ ಅಂತ ಒಂದಿದೆ, ಅದಕ್ಕೆ ಪ್ರಪಂಚ ಅಂದರೆ ಆ ಬೆಟ್ಟವೇ.

ಬಯಲುಸೀಮೆಯವ
ಬಾವಿ ಕಪ್ಪೆ ಕೇಳಿದ್ದೆವು, ಇದು ಬೆಟ್ಟದ ಕಪ್ಪೆ.

ಶಿರಸಿ ಮಳೆ
ನಮ್ಮ ಘಟ್ಟದಲ್ಲೂ ಒಂದು ಇದೆ, ಕೇರಳದ ಎರವಿಕುಳಂನಲ್ಲಿ ಆನಮುಡಿಯ ತುದಿ ಕಡೆ. ರಾವೊರ್ಕೆಸ್ಟಿಸ್ ರೆಸ್ಪ್ಲೆಂಡೆನ್ಸ್, 2010ರಲ್ಲಿ ಹೆಸರಿಟ್ಟದ್ದು. ಅದೂ ಕಿತ್ತಳೆ ಕೆಂಪು, ಅದೂ ಗಿಡ್ಡ ಕಾಲು, ಅದೂ ನೆಲದ ಮೇಲೆ ತೆವಳುತ್ತದೆ, ಅದಕ್ಕೂ ಗೊದಮೊಟ್ಟೆ ಇಲ್ಲ. ಅಷ್ಟೆತ್ತರದ ಹುಲ್ಲುಗಾವಲು ಬಿಟ್ಟು ಬೇರೆಲ್ಲೂ ಇಲ್ಲ. ಬೆಟ್ಟ ಬಿಸಿಯಾಗುತ್ತಾ ಮಂಜು ಮೇಲೆ ಸರಿದರೆ ಇವು ಎಲ್ಲಿಗೆ ಹತ್ತಬೇಕು? ತುದಿಯಲ್ಲೇ ಇವೆ.

ತುಂಗಾತೀರ
ಇಲ್ಲಿ ಅಟ್ಲಾಂಟಿಕ್ ಕಾಡಿನಲ್ಲಿ ಉಳಿದಿರುವುದು ಮೊದಲಿದ್ದುದರ ಸುಮಾರು 12%. ದಾರಿಯುದ್ದಕ್ಕೂ ದನ ಮೇಯುವ ಬೋಳು ಗುಡ್ಡ, ನೀಲಗಿರಿ ತೋಪು, ಮತ್ತೆ ಬೋಳು ಗುಡ್ಡ. ಕಾಡು ಶುರುವಾಗುವ ಜಾಗ ಕತ್ತರಿಸಿ ಇಟ್ಟ ಹಾಗಿದೆ. ಹಿರಿಯರು ಚಿಕ್ಕವರಿದ್ದಾಗ ತಂದೆಯ ಜೊತೆ ಇದ್ದಿಲಿಗೆ ಮರ ಕಡಿಯಲು ಹೋಗುತ್ತಿದ್ದರಂತೆ. "ಆಗ ಈ ಕಪ್ಪೆ ಇತ್ತಾ?" ಅಂತ ಕೇಳಿದೆ. "ಇದ್ದಿರಬೇಕು, ನಾವು ಕೆಳಗೆ ನೋಡುತ್ತಿರಲಿಲ್ಲ" ಅಂದರು.

ಅಡುಗೆಮನೆ ಅಕ್ಕ
ಅದರ ದನಿ ಕೇಳಿದೆಯಾ ನೀನು? ಅದಕ್ಕೇ ಕೇಳುವುದಿಲ್ಲ ಅಂದಿರಲ್ಲ, ನಮಗಾದರೂ ಕೇಳುತ್ತದಾ?

ತುಂಗಾತೀರ
ಕೇಳುತ್ತದೆ ಅಕ್ಕ, ತುಂಬ ಸಣ್ಣಕೆ. ಫೋನನ್ನು ತರಗೆಲೆಯ ಪಕ್ಕ ಇಟ್ಟು ಎರಡು ನಿಮಿಷ ರೆಕಾರ್ಡ್ ಮಾಡಿದ್ದೇನೆ. ತೀರ್ಥಹಳ್ಳಿಗೆ ಅಮ್ಮನಿಗೆ ಕಳಿಸಿದೆ. ಪೂರ್ತಿ ಕೇಳಿ, "ಜೀರುಂಡೆ ಕೂಗಿದ್ದು ಬಿಟ್ಟರೆ ಏನೂ ಇಲ್ಲವಲ್ಲೇ, ಕಪ್ಪೆ ಎಲ್ಲಿ?" ಅಂದರು. ಆ ಜೀರುಂಡೆಯೇ ಕಪ್ಪೆ ಅಂದೆ. ಫೋನ್ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಇನ್ನೊಂದು ಸಲ ಹಾಕು" ಅಂದರು.